ಬೆಕ್ಕಿನ ಹೊಟ್ಟೆಗೆ ಹಾಲು ಹಿತವೇ?

ಸಂಜೆ ಎಮ್ಮೆ ಹಿಂಡುವ ಹೊತ್ತಿಗೆ ಕೊಟ್ಟಿಗೆಯ ಬಾಗಿಲಿಗೆ ಬಂದು ಕೂಡದ ಬೆಕ್ಕು ಚಿಕ್ಕೋಡಿ ಸೀಮೆಯಲ್ಲಿ ಅಪರೂಪ. ನಿಪ್ಪಾಣಿಯಿಂದ ಕಾಗವಾಡದವರೆಗೆ, ರಾಯಬಾಗದಿಂದ ಅಥಣಿಯವರೆಗೆ ಯಾವ ಊರಿಗೆ ಹೋದರೂ ಮನೆ ಬೆಕ್ಕಿನ ಊಟವೆಂದರೆ ಒಂದೇ: ಬಟ್ಟಲಲ್ಲಿ ಒಂದಿಷ್ಟು ಹಾಲು, ಅದರಲ್ಲಿ ಮುರಿದು ಹಾಕಿದ ಜೋಳದ ರೊಟ್ಟಿ. ಬೆಕ್ಕು ಕಣ್ಣು ಮುಚ್ಚಿ ನೆಕ್ಕುತ್ತದೆ. ನೋಡುವ ಮಕ್ಕಳಿಗೂ ಸಂತೋಷ, ಹಾಕಿದ ಅವ್ವನಿಗೂ ಸಮಾಧಾನ.

ಆದರೆ ಮರುದಿನ ಅದೇ ಬೆಕ್ಕು ಹಿತ್ತಲಲ್ಲಿ ತೆಳ್ಳಗೆ ಭೇದಿ ಮಾಡಿರುತ್ತದೆ. ಇಲ್ಲವೇ ಜಗಲಿಯ ಮೇಲೆ ವಾಂತಿ ಮಾಡಿಕೊಂಡು ಮೂಲೆ ಸೇರಿರುತ್ತದೆ. 'ಏನೋ ಹಾಳುಮೂಳು ತಿಂದಿರಬೇಕು' ಎಂದು ಮನೆಯವರು ಬೈದು ಸುಮ್ಮನಾಗುತ್ತಾರೆ. ಸಂಜೆ ಮತ್ತೆ ಹಾಲು! ಹೊಟ್ಟೆ ಕೆಡಿಸಿದ್ದು ಆ ಹಾಲೇ ಇರಬಹುದೆಂಬ ಅನುಮಾನ ಯಾರಿಗೂ ಬರುವುದಿಲ್ಲ.

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನಮ್ಮ ಮಕ್ಕಳಿಗೆಲ್ಲ ಗೊತ್ತು. ಇಲಿಗಳ ಕಾಟ ಹೆಚ್ಚಾದಾಗ ಕೃಷ್ಣದೇವರಾಯ ಮನೆಗೊಂದು ಬೆಕ್ಕನ್ನೂ ಅದರ ಹಾಲಿಗೆಂದು ಒಂದೊಂದು ಹಸುವನ್ನೂ ಕೊಟ್ಟನಂತೆ. ಎಲ್ಲರ ಬೆಕ್ಕುಗಳು ಹಾಲು ಕುಡಿದು ಕೊಬ್ಬಿದವು. ರಾಮಕೃಷ್ಣನ ಬೆಕ್ಕು ಮಾತ್ರ ಹಾಲು ಕಂಡರೆ ಓಡುತ್ತಿತ್ತು. ಮೊದಲ ದಿನವೇ ಅವನು ಕುದಿಯುವ ಹಾಲಿಟ್ಟು ಅದರ ನಾಲಿಗೆ ಸುಟ್ಟಿದ್ದ. ಕಥೆ ಕೇಳಿ ನಗುತ್ತೇವೆ. ಆದರೆ ಒಂದು ಮಾತನ್ನು ಯೋಚಿಸುವುದಿಲ್ಲ: ಇಲಿ ಹಿಡಿಯಲೆಂದು ತಂದ ಪ್ರಾಣಿಗೆ ಹಾಲೇಕೆ ಬೇಕಿತ್ತು?

ನಂಟು ಬೆಳೆದದ್ದು ಕಾಳಿನಿಂದ

ಮನುಷ್ಯನಿಗೂ ಬೆಕ್ಕಿಗೂ ಸ್ನೇಹವಾದದ್ದು ಹಾಲಿನ ಗಡಿಗೆಯ ಬಳಿ ಅಲ್ಲ, ಕಾಳಿನ ರಾಶಿಯ ಬಳಿ. ಪಶ್ಚಿಮ ಏಷ್ಯಾದಲ್ಲಿ ಬೇಸಾಯ ಆರಂಭವಾಗಿ ಜನ ಧಾನ್ಯ ಕೂಡಿಡತೊಡಗಿದಾಗ ಅಲ್ಲಿಗೆ ಇಲಿಗಳು ಬಂದವು. ಇಲಿಗಳ ಬೆನ್ನು ಹತ್ತಿ ಕಾಡುಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಗೋರಿಯೊಂದರ ಪಕ್ಕದಲ್ಲೇ ಬೆಕ್ಕಿನ ಅಸ್ಥಿಪಂಜರವೂ ಸಿಕ್ಕಿದ್ದನ್ನು ವಿಜ್ಞಾನಿಗಳು 2004ರಲ್ಲಿ ಪ್ರಕಟಿಸಿದರು. ನಮ್ಮ ಕಡೆಯ ಹಿರಿಯರೂ ಜೋಳ ತುಂಬಿದ ಹಗೇವು, ಕಣಜಗಳ ಕಾವಲಿಗೆಂದೇ ಬೆಕ್ಕನ್ನು ಮನೆಗೆ ಸೇರಿಸಿಕೊಂಡರು.

ಈ ಸಾವಿರಾರು ವರ್ಷಗಳಲ್ಲಿ ಬೆಕ್ಕು ನಮ್ಮ ಒಲೆಯ ಬೂದಿಯಲ್ಲಿ ಮಲಗುವುದನ್ನು ಕಲಿತಿತು. ಅದರ ಹೊಟ್ಟೆ ಮಾತ್ರ ಬದಲಾಗಲಿಲ್ಲ, ಅದು ಇಂದಿಗೂ ಬೇಟೆಗಾರನ ಹೊಟ್ಟೆಯೇ.

ವಿಜ್ಞಾನದ ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ಗಮನಿಸಬಹುದು. ಬೆಕ್ಕು ಆಕಳಿಸಿದಾಗ ಬಾಯೊಳಗೆ ನೋಡಿ. ಬೆಳೆದ ಬೆಕ್ಕಿಗೆ 30 ಹಲ್ಲು. ಅವುಗಳಲ್ಲಿ ನಮ್ಮ ದವಡೆಹಲ್ಲಿನಂತೆ ಕಾಳು ಅರೆಯುವ ಚಪ್ಪಟೆ ಹಲ್ಲಿಲ್ಲ. ಕೆಳದವಡೆ ಎಮ್ಮೆಯದರಂತೆ ಆಚೀಚೆ ಆಡುವುದಿಲ್ಲ, ಕತ್ತರಿಯ ಹಾಗೆ ಮೇಲೆ ಕೆಳಗೆ ಮಾತ್ರ ಚಲಿಸುತ್ತದೆ. ಹುಲ್ಲು ಮೇಯುವ ಎಮ್ಮೆಯ ಕರುಳು ದೇಹದ ಉದ್ದದ ಸುಮಾರು ಇಪ್ಪತ್ತು ಪಟ್ಟು ಇದ್ದರೆ, ಬೆಕ್ಕಿನದು ಸುಮಾರು ನಾಲ್ಕು ಪಟ್ಟು ಅಷ್ಟೇ. ಮಾಂಸ ಬೇಗ ಜೀರ್ಣವಾಗುತ್ತದೆ, ಅದಕ್ಕೆ ಉದ್ದ ಕರುಳು ಬೇಡ.

ಬೆಕ್ಕಿಗೆ ಸಿಹಿ ರುಚಿ ಗೊತ್ತಾಗುವುದೂ ಇಲ್ಲ! ಸಿಹಿಯನ್ನು ಗುರುತಿಸಲು ಬೇಕಾದ ಜೀನುಗಳಲ್ಲೊಂದು ಬೆಕ್ಕಿನ ಜಾತಿಯಲ್ಲಿ ಕೆಟ್ಟುಹೋಗಿದೆ ಎಂದು 2005ರಲ್ಲಿ ತಿಳಿದುಬಂತು. ಕಬ್ಬಿನ ಸೀಮೆಯಲ್ಲಿ ಹುಟ್ಟಿದರೂ ನಮ್ಮ ಬೆಕ್ಕಿಗೆ ಬೆಲ್ಲದ ರುಚಿ ತಿಳಿಯದು. ಹಾಲಿಗೆ ಅದು ಮನಸೋಲುವುದು ಸಿಹಿಗಾಗಿ ಅಲ್ಲ, ಅದರಲ್ಲಿರುವ ಕೊಬ್ಬು ಮತ್ತು ಪ್ರೋಟೀನಿನ ವಾಸನೆ, ರುಚಿಗಾಗಿ.

ಹಾಲು ಕೆಡಿಸುವುದು ಹೇಗೆ?

ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ಇದೆ. ಆಕಳ ಹಾಲಿರಲಿ, ಎಮ್ಮೆ ಹಾಲಿರಲಿ, 100 ಮಿಲಿಲೀಟರಿನಲ್ಲಿ ಸುಮಾರು 5 ಗ್ರಾಂ. ಇದನ್ನು ಒಡೆಯಲು ಕರುಳಿನಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ತಾಯಿಯ ಮೊಲೆ ಉಣ್ಣುವ ಮರಿಯಲ್ಲಿ ಈ ಕಿಣ್ವ ಧಾರಾಳವಾಗಿರುತ್ತದೆ. ಮರಿ ಸುಮಾರು ಎಂಟು ವಾರಕ್ಕೆ ಮೊಲೆ ಬಿಡುತ್ತದೆ, ಆಮೇಲೆ ಕಿಣ್ವವೂ ಕಡಿಮೆಯಾಗುತ್ತ ಹೋಗುತ್ತದೆ. ಒಡೆಯದೆ ಉಳಿದ ಸಕ್ಕರೆ ದೊಡ್ಡ ಕರುಳಿಗೆ ಇಳಿದು ನೀರನ್ನು ಎಳೆದುಕೊಳ್ಳುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುಳಿಯಾಗಿಸಿ ಗ್ಯಾಸ್ ಮಾಡುತ್ತವೆ. ಹೊಟ್ಟೆ ಉಬ್ಬುತ್ತದೆ, ಗುಡುಗುಡು ಸದ್ದು, ಆಮೇಲೆ ಭೇದಿ. ಹಾಲು ಒಗ್ಗದ ಮನುಷ್ಯರಲ್ಲಿ ನಡೆಯುವುದೂ ಇದೇ. ಎಮ್ಮೆ ಹಾಲಿನಲ್ಲಿ ಕೊಬ್ಬೂ ಹೆಚ್ಚು, ಸೂಕ್ಷ್ಮ ಹೊಟ್ಟೆಗೆ ಅದೂ ಭಾರವೇ.

ಹಾಗೆಂದು ಹಾಲು ವಿಷವಲ್ಲ. ಕೆಲವು ಬೆಕ್ಕುಗಳಿಗೆ ಒಂದೆರಡು ಚಮಚ ಹಾಲು ಏನೂ ಮಾಡುವುದಿಲ್ಲ. ಮಜ್ಜಿಗೆ, ಮೊಸರಿನಲ್ಲಿ ಲ್ಯಾಕ್ಟೋಸ್ ಸ್ವಲ್ಪ ಕಡಿಮೆಯಿರುವುದರಿಂದ ಅವು ಕೆಲವಕ್ಕೆ ಒಗ್ಗುತ್ತವೆ. ಪರೀಕ್ಷೆ ಸುಲಭ. ಹಾಲು ಕುಡಿದ ದಿನವೇ ಅಥವಾ ಮರುದಿನ ಮಲ ತೆಳ್ಳಗಾದರೆ ನಿಮ್ಮ ಬೆಕ್ಕಿಗೆ ಹಾಲು ಆಗದು. ನಿಲ್ಲಿಸಿ, ನೀರಿಡಿ.

ಹಾಲಿನ ಪ್ರೋಟೀನ್ ತಿಂದು ಕಣ್ಣು ಕಳೆದುಕೊಂಡವು

ಭೇದಿ ನಾಲ್ಕು ದಿನದ ತೊಂದರೆ. ಅದಕ್ಕಿಂತ ದೊಡ್ಡ ತೊಂದರೆ ಕಣ್ಣಿಗೆ ಕಾಣದಂತೆ ಬೆಳೆಯುತ್ತದೆ. 1975ರಲ್ಲಿ ಅಮೆರಿಕದ ವಿಜ್ಞಾನಿಗಳು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಹಾಲಿನಿಂದ ತೆಗೆದ ಕೇಸಿನ್ ಎಂಬ ಪ್ರೋಟೀನನ್ನೇ ಮುಖ್ಯವಾಗಿ ತಿಂದ ಬೆಕ್ಕುಗಳ ಕಣ್ಣಿನ ಅಕ್ಷಿಪಟಲ ನಿಧಾನವಾಗಿ ನಶಿಸಿತ್ತು. ಕಾರಣ, ಟಾರಿನ್ ಎಂಬ ಒಂದು ವಸ್ತುವಿನ ಕೊರತೆ. ನಮ್ಮ ದೇಹ ಟಾರಿನನ್ನು ತಾನೇ ತಯಾರಿಸಿಕೊಳ್ಳುತ್ತದೆ. ಬೆಕ್ಕಿನ ದೇಹ ಸಾಕಾಗುವಷ್ಟು ತಯಾರಿಸಲಾರದು, ಅದಕ್ಕೆ ಆಹಾರದಲ್ಲೇ ಸಿಗಬೇಕು. ಅದು ಸಿಗುವುದು ಮಾಂಸ, ಮೀನು, ಇಲಿಗಳಲ್ಲಿ. ಜೋಳ, ಗೋಧಿ, ಅಕ್ಕಿ, ಬೇಳೆಗಳಲ್ಲಿ ಇಲ್ಲವೇ ಇಲ್ಲ ಎನ್ನಬಹುದು. ಹಾಲಿನಲ್ಲಿ ಬೆಕ್ಕಿಗೆ ಸಾಲುವಷ್ಟಿಲ್ಲ. 1987ರಲ್ಲಿ ಇನ್ನೊಂದು ಸಂಗತಿ ಬೆಳಕಿಗೆ ಬಂತು. ಟಾರಿನ್ ಕೊರತೆಯಿಂದ ಬೆಕ್ಕಿನ ಹೃದಯ ಹಿಗ್ಗಿ ದುರ್ಬಲವಾಗುತ್ತದೆ, ಸಕಾಲಕ್ಕೆ ಟಾರಿನ್ ಕೊಟ್ಟರೆ ಚೇತರಿಸಿಕೊಳ್ಳುತ್ತದೆ. ಅಂದಿನಿಂದ ಬೆಕ್ಕಿನ ಸಿದ್ಧ ಆಹಾರಕ್ಕೆ ಹೆಚ್ಚಿನ ಟಾರಿನ್ ಸೇರಿಸುವುದು ರೂಢಿಯಾಯಿತು.

ಹಾಗಾದರೆ ಹಾಲು-ರೊಟ್ಟಿ ತಿಂದೇ ಹತ್ತು ವರ್ಷ ಬದುಕಿದ ಬೆಕ್ಕುಗಳಿಲ್ಲವೇ ಎಂದು ನೀವು ಕೇಳಬಹುದು. ಇವೆ. ಅವು ಬದುಕಿದ್ದು ಹಾಲು-ರೊಟ್ಟಿಯಿಂದಲ್ಲ, ರಾತ್ರಿ ಕಬ್ಬಿನ ಗದ್ದೆಯಲ್ಲಿ, ಬಣವೆಯ ಸಂದಿಯಲ್ಲಿ ಹಿಡಿದ ಇಲಿಗಳಿಂದ. ಇಡೀ ಇಲಿ ಎಂದರೆ ಬೆಕ್ಕಿಗೆ ಪೂರ್ತಿ ಊಟ. ಮಾಂಸ, ಯಕೃತ್ತು, ಎಲುಬಿನ ಸುಣ್ಣ, ಮುಕ್ಕಾಲು ಪಾಲಿಗೆ ಹತ್ತಿರದಷ್ಟು ನೀರು, ಎಲ್ಲವೂ ಅದರಲ್ಲೇ. ಮನೆಯವರು ಕೊಟ್ಟ ಹಾಲು ಬರೀ ಉಪಚಾರ.

ಶಾಕಾಹಾರಿ ಮನೆಯ ಬೆಕ್ಕು

ಇಲ್ಲಿ ನಮ್ಮ ಸೀಮೆಯ ನಿಜವಾದ ಪ್ರಶ್ನೆ ಏಳುತ್ತದೆ. ಈ ಐದೂ ತಾಲ್ಲೂಕುಗಳಲ್ಲಿ ಲಿಂಗಾಯತ, ಜೈನ ಮನೆತನಗಳು ಬಹಳ. ಅಡುಗೆಮನೆಗೆ ಮೊಟ್ಟೆಯೂ ಬಾರದ ಮನೆಗಳಲ್ಲಿ ಮಕ್ಕಳು ಪ್ರೀತಿಯಿಂದ ಬೆಕ್ಕು ಸಾಕುತ್ತಾರೆ. ಹಳ್ಳಿಯ ಬೆಕ್ಕು ಹೊರಗೆ ಹೋಗಿ ತನ್ನ ಊಟ ತಾನೇ ಹುಡುಕಿಕೊಳ್ಳುತ್ತದೆ, ಮನೆಯವರು ನೋಡಿಯೂ ನೋಡದಂತಿರುತ್ತಾರೆ. ಇದು ಹಳೆಯ ಒಪ್ಪಂದ. ಆದರೆ ಪೇಟೆಯ ಹೊಸ ಮನೆಗಳಲ್ಲಿ, ಕಿಟಕಿಗೆ ಜಾಳಿಗೆ ಹಾಕಿ ಬಾಗಿಲು ಮುಚ್ಚಿದ ಮನೆಗಳಲ್ಲಿ, ಈ ಒಪ್ಪಂದ ಮುರಿದುಬಿದ್ದಿದೆ. ಅಲ್ಲಿ ಬೆಕ್ಕಿಗೆ ಇಲಿಯೂ ಇಲ್ಲ, ಮಾಂಸವೂ ಇಲ್ಲ. ಬರೀ ಹಾಲು, ಅನ್ನ, ಬಿಸ್ಕಿಟು. ಅದು ದಪ್ಪಗೆ ಕಾಣಬಹುದು, ಒಳಗೆ ಮಾತ್ರ ಹಸಿದಿರುತ್ತದೆ.

ತಂದೆ ತಾಯಿಯರು ಬೆಕ್ಕನ್ನು ಮನೆಗೆ ತರುವ ಮೊದಲೇ ಈ ವಿಷಯವನ್ನು ಮಕ್ಕಳೊಂದಿಗೆ ಕೂತು ಮಾತಾಡುವುದು ಒಳ್ಳೆಯದು. ನಮ್ಮ ಆಹಾರದ ನಿಯಮ ನಮ್ಮದು. ಬೆಕ್ಕಿನ ಮೇಲೆ ಅದನ್ನು ಹೇರಿದರೆ ಅಹಿಂಸೆಯ ಹೆಸರಿನಲ್ಲೇ ಒಂದು ಜೀವ ಸವೆಯುತ್ತದೆ. ಅಡುಗೆಮನೆಯಲ್ಲಿ ಮಾಂಸ ಬೇಯಿಸಲಾಗದಿದ್ದರೆ ಬೆಕ್ಕಿಗೆಂದೇ ತಯಾರಾದ ಪ್ಯಾಕೆಟ್ ಆಹಾರವನ್ನು ಹೊರಗಿನ ಪಡಸಾಲೆಯಲ್ಲಿ ಬೇರೆ ಬಟ್ಟಲಲ್ಲಿ ಇಡಬಹುದು. ನಾಯಿಯ ಆಹಾರ ತಂದು ಹಾಕಬೇಡಿ. ಅದು ನಾಯಿಯ ಲೆಕ್ಕಕ್ಕೆ ಮಾಡಿದ್ದು, ಬೆಕ್ಕಿಗೆ ಸಾಲದು. ಇದೂ ಮನಸ್ಸಿಗೆ ಒಪ್ಪದಿದ್ದರೆ ಬೆಕ್ಕಿನ ಬದಲು ಮೊಲವನ್ನೋ ಆಡಿನ ಮರಿಯನ್ನೋ ಸಾಕುವುದೇ ಪ್ರಾಮಾಣಿಕವಾದ ದಾರಿ.

ಏನು, ಎಷ್ಟು, ಹೇಗೆ?

ಮಾಂಸಾಹಾರದ ಮನೆಗಳಲ್ಲಿ ಕೆಲಸ ಸುಲಭವೆಂದಲ್ಲ. ಕೊಲ್ಹಾಪುರದ ನೆರೆಯವರಾದ ನಮಗೆ ಖಾರದ ರಸ್ಸಾ ಇಲ್ಲದೆ ಊಟ ಸೇರದು. ಭಾನುವಾರ ಉಳಿದ ರಸ್ಸಾದಲ್ಲಿ ರೊಟ್ಟಿ ಅದ್ದಿ ಬೆಕ್ಕಿಗೆ ಹಾಕುವುದುಂಟು. ಅದರಲ್ಲಿರುವ ಉಳ್ಳಾಗಡ್ಡಿ, ಬಳ್ಳೊಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಹಸಿಯಾಗಿರಲಿ, ಬೇಯಿಸಿರಲಿ, ಪುಡಿಯಾಗಿರಲಿ, ಪರಿಣಾಮ ಒಂದೇ. ಖಾರ, ಎಣ್ಣೆಗಳಿಂದ ಹೊಟ್ಟೆ ಉರಿಯುವುದು ಬೇರೆ.

ಬೆಕ್ಕಿಗೆಂದು ನಾಲ್ಕು ತುಂಡು ಕೋಳಿಮಾಂಸವನ್ನು ಮಸಾಲೆ ಹಾಕುವ ಮೊದಲೇ ತೆಗೆದು, ಉಪ್ಪಿಲ್ಲದೆ ಬೇಯಿಸಿ, ಎಲುಬು ಬಿಡಿಸಿ ಕೊಡಿ. ಬೇಯಿಸಿದ ಎಲುಬು ಚೂಪಾಗಿ ಸೀಳಿ ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ. ಹೊಳೆಯ ಮೀನನ್ನೂ ಬೇಯಿಸಿ, ಮುಳ್ಳು ತೆಗೆದೇ ಕೊಡಬೇಕು. ಒಣಮೀನಿನಲ್ಲಿ ಉಪ್ಪು ವಿಪರೀತ. ಬೇಯಿಸಿದ ಮೊಟ್ಟೆ ವಾರಕ್ಕೆ ಒಂದೆರಡು ಸಲ ಆಗಬಹುದು. ಎಲುಬಿಲ್ಲದ ಬರೀ ಮಾಂಸವೂ ಪೂರ್ಣ ಆಹಾರವಲ್ಲ, ಅದರಲ್ಲಿ ಸುಣ್ಣದ ಅಂಶ ಕಡಿಮೆ. ಬೆಳೆಯುವ ಮರಿಗೆ ಅದನ್ನೇ ಹಾಕುತ್ತ ಹೋದರೆ ಎಲುಬು ಮೆತ್ತಗಾಗಿ ಕಾಲು ಮುರಿಯುವ ಅಪಾಯವಿದೆ. ಆದುದರಿಂದ ಮರಿಗಳಿಗೆ ಮರಿಗಳದೇ ಸಿದ್ಧ ಆಹಾರ ಜೊತೆಗಿರಲಿ.

ಬೆಕ್ಕು ಒಮ್ಮೆಲೇ ಹೊಟ್ಟೆ ತುಂಬ ಉಣ್ಣುವ ಪ್ರಾಣಿಯಲ್ಲ. ಸಣ್ಣ ಸಣ್ಣ ಬೇಟೆಗಳನ್ನು ದಿನಕ್ಕೆ ಹತ್ತಾರು ಸಲ ತಿನ್ನುವುದು ಅದರ ಸ್ವಭಾವ. ನಾಲ್ಕು ಕಿಲೋ ತೂಕದ ಬೆಕ್ಕಿಗೆ ದಿನಕ್ಕೆ 200ರಿಂದ 250 ಕ್ಯಾಲೊರಿ ಸಾಕು. ಅದನ್ನು ಮೂರು ನಾಲ್ಕು ಪಾಲು ಮಾಡಿ ಕೊಡಿ. ಬೆಳಿಗ್ಗೆ ಒಂದೇ ಸಲ ಗಬಗಬ ತಿಂದು ಹಾಗೇ ವಾಂತಿ ಮಾಡುವ ಬೆಕ್ಕಿಗೆ ಇದೇ ಔಷಧಿ. ಆಹಾರ ಬದಲಿಸುವುದಾದರೆ ಹಳೆಯದರೊಂದಿಗೆ ಹೊಸದನ್ನು ದಿನದಿನಕ್ಕೆ ಹೆಚ್ಚಿಸುತ್ತ ಒಂದು ವಾರ ತೆಗೆದುಕೊಳ್ಳಿ. ಮರುಭೂಮಿಯ ಕಡೆಯಿಂದ ಬಂದ ಜಾತಿಯಾದ್ದರಿಂದ ಬೆಕ್ಕು ನೀರು ಕುಡಿಯುವುದು ಕಡಿಮೆ. ಅಗಲ ಬಾಯಿಯ ಬಟ್ಟಲಲ್ಲಿ ತಾಜಾ ನೀರು ಯಾವಾಗಲೂ ಇರಲಿ.

ತಾಯಿಯಿಲ್ಲದ ಎಳೆ ಮರಿಯನ್ನು ಮಕ್ಕಳು ದಾರಿಯಲ್ಲಿ ಕಂಡು ಮನೆಗೆ ತರುವುದುಂಟು. ಬೆಕ್ಕಿನ ಹಾಲಿನಲ್ಲಿ ಆಕಳ ಹಾಲಿಗಿಂತ ಸುಮಾರು ಎರಡು ಪಟ್ಟು ಪ್ರೋಟೀನ್ ಇರುತ್ತದೆ. ಅಂಥ ಮರಿಗೆ ಬೆಕ್ಕಿನ ಮರಿಗಳಿಗೆಂದೇ ಸಿಗುವ ಹಾಲಿನ ಪುಡಿ ಬೇಕು. ಮೊದಲು ಬಟ್ಟೆಯಲ್ಲಿ ಸುತ್ತಿ ಬೆಚ್ಚಗೆ ಮಾಡಿ, ಆಮೇಲೆ ಕುಡಿಸಿ. ಮಗುವಿನಂತೆ ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಹೊಟ್ಟೆ ಕೆಳಗಾಗಿ ಹಿಡಿದೇ ಕುಡಿಸಬೇಕು.

ಈ ಸೀಮೆಯ ಅಪಾಯಗಳು

ಎಲ್ಲ ವಾಂತಿ-ಭೇದಿಯೂ ಊಟದ ದೋಷವಲ್ಲ. ನಿಪ್ಪಾಣಿಯ ಸುತ್ತ ತಂಬಾಕು ಒಣಗಿಸುವ, ಕೂಡಿಡುವ ಜಾಗಗಳಲ್ಲಿ ಆಡಿದ ಬೆಕ್ಕು ಮೈಗೆ ಅಂಟಿದ ಪುಡಿಯನ್ನು ನೆಕ್ಕುತ್ತದೆ. ನಿಕೋಟಿನ್ ಅದಕ್ಕೆ ವಿಷ. ಜೊಲ್ಲು, ವಾಂತಿ, ಭೇದಿ, ನಡುಕ ಸ್ವಲ್ಪ ಹೊತ್ತಿನಲ್ಲೇ ಕಾಣಿಸುತ್ತವೆ. ಕಬ್ಬಿನ ಗದ್ದೆಗಳಲ್ಲಿ ಇಲಿಗೆಂದು ಇಡುವ ಸತುವಿನ ಫಾಸ್ಫೈಡ್ ಪಾಷಾಣ ಹೊಟ್ಟೆಯ ಆಮ್ಲ ತಗುಲಿದೊಡನೆ ವಿಷದ ಗಾಳಿಯಾಗುತ್ತದೆ. ಅದನ್ನು ತಿಂದ ಇಲಿಯನ್ನು ತಿಂದರೂ ಬೆಕ್ಕಿಗೆ ಅಪಾಯವೇ. ಪಾಷಾಣ ಇಟ್ಟ ದಿನಗಳಲ್ಲಿ ಬೆಕ್ಕನ್ನು ಮನೆಯೊಳಗೆ ಇರಿಸಿ, ಸತ್ತ ಇಲಿಗಳನ್ನು ಆಳವಾಗಿ ಹೂಳಿ. ಎಮ್ಮೆಗೆ ಹಚ್ಚುವ ಉಣ್ಣೆಯ ಔಷಧಿಯನ್ನು ಬೆಕ್ಕಿಗೆ ಎಂದೂ ಹಚ್ಚಬೇಡಿ. ಅಥಣಿ, ಕಾಗವಾಡದ ಕಡೆಯ ದ್ರಾಕ್ಷಿ, ಮಣೂಕ ನಾಯಿಗಳ ಮೂತ್ರಪಿಂಡ ಕೆಡಿಸುವುದು ಗೊತ್ತಾಗಿದೆ. ಬೆಕ್ಕಿನಿಂದಲೂ ದೂರವಿಡುವುದು ಜಾಣತನ. ಹೊಲಿಗೆಯ ದಾರ, ಗಾಳಿಪಟದ ಮಾಂಜಾ ನುಂಗಿದರೆ ಕರುಳು ನೆರಿಗೆಗಟ್ಟಿ ಕೊಯ್ಯುತ್ತದೆ. ಬಾಯಿಂದಲೋ ಹಿಂದಿನಿಂದಲೋ ದಾರ ಇಳಿಬಿದ್ದಿದ್ದರೆ ಎಳೆಯಬೇಡಿ, ಹಾಗೇ ವೈದ್ಯರ ಬಳಿ ಒಯ್ಯಿರಿ.

ಮರಿಗಳಲ್ಲಿ ಜ್ವರ, ಎಡೆಬಿಡದ ವಾಂತಿ, ನಾರುವ ಭೇದಿ ಒಟ್ಟಿಗೆ ಬಂದರೆ ಪ್ಯಾನ್‌ಲ್ಯೂಕೋಪೀನಿಯ ಎಂಬ ವೈರಸ್ ರೋಗವಿರಬಹುದು. ಎರಡು ಮೂರು ದಿನದಲ್ಲಿ ಪ್ರಾಣ ತೆಗೆಯುವ ಇದಕ್ಕೆ ಲಸಿಕೆ ಇದೆ. ಆರರಿಂದ ಎಂಟು ವಾರದ ವಯಸ್ಸಿನಲ್ಲಿ ಆರಂಭಿಸಬೇಕು. ಜಂತುಹುಳದ ಔಷಧಿಯನ್ನೂ ತೂಕ ನೋಡಿ ವೈದ್ಯರೇ ಕೊಡಬೇಕು. ಬೆಕ್ಕಿನ ಜಂತುವಿನ ಮೊಟ್ಟೆ ಮಣ್ಣಿನಿಂದ ಮಕ್ಕಳ ಹೊಟ್ಟೆಗೂ ಹೋಗಬಲ್ಲದು. ಬೆಕ್ಕಿನೊಡನೆ ಆಡಿದ ಮೇಲೆ ಸಾಬೂನಿನಿಂದ ಕೈ ತೊಳೆಯುವುದು ಮನೆಯ ನಿಯಮವಾಗಲಿ.

ಇನ್ನು, ಆಗೊಮ್ಮೆ ಈಗೊಮ್ಮೆ ಹುಲ್ಲು ತಿಂದು ಕೂದಲಿನ ಉಂಡೆ ಕಕ್ಕುವುದು ಬೆಕ್ಕಿನ ಸಹಜ ಗುಣ. ಅದಕ್ಕೆ ಗಾಬರಿ ಬೇಡ.

ಹೊಟ್ಟೆ ಕೆಟ್ಟಾಗ

ಬೆಳೆದ ಬೆಕ್ಕು ಒಂದೆರಡು ಸಲ ವಾಂತಿ ಮಾಡಿ ಆಮೇಲೆ ಚುರುಕಾಗಿಯೇ ಇದ್ದರೆ ನಾಲ್ಕಾರು ತಾಸು ಊಟ ಕೊಡಬೇಡಿ, ನೀರನ್ನು ಸ್ವಲ್ಪ ಸ್ವಲ್ಪವಾಗಿ ಇಡಿ. ಬಳಿಕ ಬೇಯಿಸಿದ ಕೋಳಿಮಾಂಸದ ಚೂರು ಒಂದೊಂದೇ ಚಮಚ ಕೊಟ್ಟು ನೋಡಿ. ಭೇದಿಯಾದರೆ ಹಾಲು, ರಸ್ಸಾ, ಎಣ್ಣೆ ಪದಾರ್ಥಗಳನ್ನು ಪೂರ್ತಿ ನಿಲ್ಲಿಸಿ. ಹೆಗಲ ಮೇಲಿನ ಚರ್ಮವನ್ನು ಮೆಲ್ಲಗೆ ಎತ್ತಿ ಬಿಡಿ. ಅದು ತಟ್ಟನೆ ಕೂಡದೆ ಗುಡ್ಡೆಯಾಗಿ ನಿಂತರೆ ಮೈಯ ನೀರು ಇಂಗಿದೆ ಎಂದರ್ಥ.

ಈ ಸಂದರ್ಭಗಳಲ್ಲಿ ಮನೆಮದ್ದಿಗೆ ಕಾಯದೆ ದನದ ದವಾಖಾನೆಗೆ ಒಯ್ಯಿರಿ:

• ಮರಿಗೆ ವಾಂತಿ ಅಥವಾ ಭೇದಿ ಆರಂಭವಾದರೆ, ಅದೇ ದಿನ.

• ಮಲದಲ್ಲಿ ರಕ್ತ ಕಂಡರೆ, ಜೊಲ್ಲು ಸುರಿದರೆ, ನಡುಗಿದರೆ.

• ಬೆಳೆದ ಬೆಕ್ಕು ಒಂದು ದಿನಕ್ಕಿಂತ ಹೆಚ್ಚು ಏನೂ ತಿನ್ನದಿದ್ದರೆ. ಎರಡು ಮೂರು ದಿನ ಉಪವಾಸವಿದ್ದ ಬೆಕ್ಕಿನ, ಅದರಲ್ಲೂ ದಪ್ಪ ಬೆಕ್ಕಿನ, ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೆ ಬರುತ್ತದೆ.

• ಗಂಡು ಬೆಕ್ಕು ಮತ್ತೆ ಮತ್ತೆ ಕೂತು ತಿಣುಕಿದರೆ. ಮಲಬದ್ಧತೆ ಎಂದು ಎಣ್ಣೆ ಕುಡಿಸುತ್ತ ಕೂಡಬೇಡಿ. ಮೂತ್ರ ಕಟ್ಟಿರಬಹುದು. ಹಾಗಿದ್ದರೆ ಒಂದೆರಡು ದಿನದಲ್ಲೇ ಸಾಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಮಾತು, ಮನೆಯ ಔಷಧಿ ಡಬ್ಬಿಯನ್ನು ಬೆಕ್ಕಿಗಾಗಿ ತೆರೆಯಬೇಡಿ. ಜ್ವರವೆಂದು ನಾವು ನುಂಗುವ ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲುತ್ತದೆ. ಅದನ್ನು ನಿರಪಾಯಗೊಳಿಸುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ. ಅರ್ಧ ಮಾತ್ರೆಯೂ ಹಾಗೆಯೇ. ಭೇದಿ ನಿಲ್ಲಿಸುವ ನಮ್ಮ ಮಾತ್ರೆಗಳೂ ಬೇಡ. ಪ್ರೀತಿಯಿಂದ ಕೊಟ್ಟ ಮಾತ್ರೆಯೇ ಬೆಕ್ಕಿನ ಕೊನೆಯ ಊಟವಾಗುವುದು ಬೇಡ.

ಮಕ್ಕಳಿಗೊಂದು ಕೆಲಸ

ವಿದ್ಯಾರ್ಥಿಗಳು ಒಂದು ಹಳೆಯ ನೋಟ್‌ಬುಕ್ಕನ್ನು ಬೆಕ್ಕಿಗೆಂದು ಇಡಲಿ. ಬೆಳಿಗ್ಗೆ-ಸಂಜೆ ಏನು ಹಾಕಿದೆವು, ಎಷ್ಟು ತಿಂದಿತು, ವಾಂತಿ-ಭೇದಿ ಆಯಿತೇ, ವಾರಕ್ಕೊಮ್ಮೆ ತೂಕ ಎಷ್ಟು, ಇಷ್ಟನ್ನು ಬರೆದರೆ ಸಾಕು. ತೂಕ ನೋಡುವುದು ಕಷ್ಟವಲ್ಲ. ಬೆಕ್ಕನ್ನು ಎತ್ತಿಕೊಂಡು ತಕ್ಕಡಿಯ ಮೇಲೆ ನಿಂತು, ಬಳಿಕ ನಿಮ್ಮ ತೂಕವನ್ನು ಕಳೆಯಿರಿ. ಎರಡು ವಾರ ಹಾಲು ಹಾಕಿದ, ಎರಡು ವಾರ ಹಾಕದ ದಿನಗಳನ್ನು ಹೋಲಿಸಿದರೆ ನಿಮ್ಮ ಬೆಕ್ಕಿನ ಹೊಟ್ಟೆಯೇ ಉತ್ತರ ಹೇಳುತ್ತದೆ. ಹಾಲು ಹಾಕಿದ ವಾರ ಭೇದಿ ಕಂಡರೆ ಅಲ್ಲಿಗೇ ಪರೀಕ್ಷೆ ನಿಲ್ಲಿಸಿ. ಮಾತು ಬಾರದ ಪ್ರಾಣಿಯ ಪರವಾಗಿ ವೈದ್ಯರೆದುರು ಮಾತಾಡುವುದು ಈ ನೋಟ್‌ಬುಕ್ಕೇ.

ದ್ವಿತೀಯ ಪಿಯುಸಿಯಲ್ಲಿ ಜೀವಶಾಸ್ತ್ರ ಓದುವವರಿಗೆ ಪಶುವೈದ್ಯಕೀಯದ ದಾರಿಯೂ ತೆರೆದಿದೆ. ಎಮ್ಮೆ, ಎತ್ತುಗಳ ವೈದ್ಯಕ್ಕೆ ನಮ್ಮ ಜಿಲ್ಲೆಯಲ್ಲಿ ಎಂದಿನಿಂದಲೂ ಬೆಲೆಯಿದೆ. ಬೆಕ್ಕು, ನಾಯಿಗಳ ಕಷ್ಟ ಅರಿತವರು ಇನ್ನೂ ಹೆಚ್ಚು ಬೇಕು.

ಇಂದು ಸಂಜೆ ಎಮ್ಮೆ ಹಿಂಡುವಾಗ ಬೆಕ್ಕು ಬಂದು ಕೂತರೆ ಅದನ್ನು ಓಡಿಸಬೇಡಿ. ತಲೆ ಸವರಿ. ಹಾಲನ್ನು ಮಕ್ಕಳಿಗೆ ಕೊಡಿ, ಬೆಕ್ಕಿನ ಬಟ್ಟಲಿಗೆ ತಣ್ಣನೆಯ ನೀರು ಹಾಕಿ.